ಹತ್ತನೇ ಸಂಪುಟ ಓದಿದ್ದು ಹೀಗೆ

ರಾಬರ್ಟ್ ಜೋರ್ಡನ್ ಅವರ 'ದಿ ವೀಲ್ ಆಫ್ ಟೈಮ್' ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯಲ್ಲಿ 14 ಸಂಪುಟಗಳಿವೆ. ಮೊದಲ ಒಂಬತ್ತನ್ನು ನಾನು ಊಟ ನಿದ್ದೆ ಬಿಟ್ಟು ಓದಿದೆ. ಹತ್ತನೆಯದು 'ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್'. ಅದರ ಹನ್ನೆರಡನೇ ಅಧ್ಯಾಯದಲ್ಲಿ ನಿಂತುಬಿಟ್ಟೆ. ಎರಡು ವರ್ಷ ಆ ಪುಸ್ತಕ ಒಂದು ಬಸ್ ಟಿಕೆಟ್ ಕಚ್ಚಿಕೊಂಡು ಗೂಡಿನಲ್ಲೇ ಕೂತಿತ್ತು. ಆಮೇಲೆ ಮತ್ತೆ ಕೈಗೆತ್ತಿಕೊಂಡೆ, ಮುಗಿಸಿದೆ. ಈಗ ಇಡೀ ಸರಣಿಯಲ್ಲಿ ನನಗೆ ತೀರಾ ಹತ್ತಿರವಾದ ಕೆಲವು ಪುಟಗಳು ಅದರಲ್ಲೇ ಇವೆ. ಅದು ಹೇಗೆ ಆಯಿತು ಅಂತ ಹೇಳುತ್ತೇನೆ. ಕಥೆಯ ಒಂದೆರಡು ಗುಟ್ಟು ಹೊರಬೀಳುತ್ತದೆ, ಓದದೇ ಇರುವವರು ಕ್ಷಮಿಸಬೇಕು.

ಮೊದಲು, ಯಾಕೆ ನಿಂತೆ? ಒಂಬತ್ತನೇ ಸಂಪುಟದ ಕೊನೆಯಲ್ಲಿ ಕಥೆಯ ನಾಯಕ ರಾಂಡ್ ಮತ್ತು ಅವನ ಊರಿನವಳೇ ಆದ ನೈನೀವ್ ಸೇರಿ ಒಂದು ಮಹಾ ಕೆಲಸ ಮಾಡುತ್ತಾರೆ. ಗಂಡಸರು ಬಳಸುವ ಮಾಂತ್ರಿಕ ಶಕ್ತಿಗೆ ಸಾವಿರಾರು ವರ್ಷಗಳಿಂದ ಅಂಟಿದ್ದ ವಿಷವನ್ನು ತೊಳೆದು ಹಾಕುತ್ತಾರೆ. ಓದಿದ ಮೇಲೆ ಮೈ ಜುಮ್ಮೆಂದಿತ್ತು. ಮುಂದೇನು ಅಂತ ಹತ್ತನೆಯದನ್ನು ತೆರೆದರೆ ಕಥೆ ಮುಂದಕ್ಕೇ ಹೋಗುವುದಿಲ್ಲ. ಆ ದಿನದ ಹತ್ತಿರಕ್ಕೆ ಹಿಂದೆ ಹೋಗಿ, ಬೇರೆ ಬೇರೆ ಊರುಗಳಲ್ಲಿ ಬೇರೆಯವರು ಏನು ಮಾಡುತ್ತಿದ್ದರು ಅಂತ ಹೇಳುತ್ತಾ ಕೂರುತ್ತದೆ. ರಾಂಡ್ ಸರಿಯಾಗಿ ಕಾಣಿಸುವುದು 24ನೇ ಅಧ್ಯಾಯದಲ್ಲಿ. ಇರುವುದೇ 30 ಅಧ್ಯಾಯ. ಒಂಬತ್ತನೆಯದು ಬಂದದ್ದು 2000ದ ನವೆಂಬರ್‌ನಲ್ಲಿ, ಇದು ಬಂದದ್ದು 2003ರ ಜನವರಿಯಲ್ಲಿ. ಎರಡು ವರ್ಷ ಕಾದು ಇದನ್ನು ಕೊಂಡ ಓದುಗರಿಗೆ ಎಷ್ಟು ಬೇಜಾರಾಗಿರಬೇಕು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಓದುವ ಹೊತ್ತಿಗೆ ಸರಣಿ ಪೂರ್ತಿ ಮುಗಿದಿತ್ತು. ಹನ್ನೊಂದನೆಯದು ಪಕ್ಕದಲ್ಲೇ ಇತ್ತು. ಆದರೂ ನಾನು ನಿಂತೆ.

ಎರಡನೇ ಸಲ ಶುರು ಮಾಡುವಾಗ ಹಿಂದಿನ ಒಂಬತ್ತನ್ನೂ ಮತ್ತೆ ಓದಲಿಲ್ಲ. ಬಹಳ ಜನ ಹಾಗೆ ಮಾಡಲು ಹೋಗಿ ಐದರಲ್ಲೋ ಆರರಲ್ಲೋ ಸುಸ್ತಾಗುತ್ತಾರೆ. ನಾನು ಒಂಬತ್ತನೆಯದರ ಕೊನೆಯ ಅಧ್ಯಾಯ ಒಂದನ್ನೇ ಓದಿದೆ. ನಿಧಾನವಾಗಿ, ಎರಡು ಸಲ. ಆಮೇಲೆ ಒಂದು ನೋಟ್‌ಬುಕ್ ತಂದೆ.

ಹೆಸರುಗಳನ್ನು ಅದರಲ್ಲಿ ಅಕ್ಷರಮಾಲೆಯ ಪ್ರಕಾರ ಬರೆಯಲಿಲ್ಲ, ಊರಿನ ಪ್ರಕಾರ ಬರೆದೆ. ಒಂದು ಪುಟಕ್ಕೆ ಒಂದು ಜಾಗ. ರಾಂಡ್‌ನ ಗೆಳೆಯ ಪೆರಿನ್ ಬೀಡುಬಿಟ್ಟ ಕಾಡು ಒಂದು ಪುಟ. ಇನ್ನೊಬ್ಬ ಗೆಳೆಯ ಮ್ಯಾಟ್ ಜೊತೆ ಊರಿಂದೂರಿಗೆ ಹೋಗುವ ಸರ್ಕಸ್ ಕಂಪನಿ ಒಂದು ಪುಟ. ಎಲೇನ್ ಇರುವ ಕ್ಯಾಮ್ಲಿನ್ ಅರಮನೆ ಒಂದು. ಟಾರ್ ವ್ಯಾಲನ್ ನಗರಕ್ಕೆ ಮುತ್ತಿಗೆ ಹಾಕಿದ ಎಗ್ವೇನ್‌ಳ ದಂಡು ಒಂದು. ಹೊಸ ಹೆಸರು ಬಂದಾಗ ಅದು ಯಾರು ಅನ್ನುವುದಕ್ಕಿಂತ ಎಲ್ಲಿ ಇದ್ದಾರೆ, ಯಾರ ಕಡೆಯವರು ಅಂತ ಬರೆದರೆ ಸಾಕು. ಮದುವೆ ಮನೆಯಲ್ಲಿ ನಾವು ನೆಂಟರನ್ನು ಗುರುತು ಹಿಡಿಯುವುದೂ ಹಾಗೇ ಅಲ್ವಾ? ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ, ಅಷ್ಟು ಗೊತ್ತಾದರೆ ಉಳಿದದ್ದು ನಿಧಾನಕ್ಕೆ ತಿಳಿಯುತ್ತದೆ.

ಇನ್ನೊಂದು ಕೆಲಸ ಮಾಡಿದೆ. ಎಲ್ಲ ಹೆಸರನ್ನೂ ಕನ್ನಡದಲ್ಲಿ ಬರೆದೆ. ಪುಸ್ತಕದ ಕೊನೆಯಲ್ಲಿ ಪದಕೋಶ ಇದೆ, ಅಲ್ಲಿ ಉಚ್ಚಾರಣೆಯೂ ಕೊಟ್ಟಿದ್ದಾರೆ. ಒಂಬತ್ತು ಸಂಪುಟ ನಾನು ಅದನ್ನು ನೋಡೇ ಇರಲಿಲ್ಲ. ಮನಸ್ಸಿನಲ್ಲಿ 'ಸಿಯುವಾನ್' ಅಂದುಕೊಂಡು ಓದುತ್ತಿದ್ದವಳ ಹೆಸರು 'ಸ್ವಾನ್'. ಅಷ್ಟು ದಿನ 'ಸಿಯಾಂಚನ್' ಅಂದುಕೊಂಡಿದ್ದು 'ಷಾನ್‌ಚಾನ್'. 'ಫೈಲ್' ಅಲ್ಲ, 'ಫಯೀಲ್'. ಇಂಗ್ಲಿಷ್ ಕಾಗುಣಿತದಲ್ಲಿ ಕಣ್ಣು ಸುಮ್ನೆ ಜಾರಿ ಹೋಗುತ್ತಿತ್ತು. ಕನ್ನಡದಲ್ಲಿ ಬರೆದ ಮೇಲೆ ಹೆಸರು ಬಾಯಿಗೆ ಬಂತು. ಬಾಯಿಗೆ ಬಂದ ಹೆಸರು ಮರೆತು ಹೋಗುವುದಿಲ್ಲ.

ಪ್ರತಿ ಪುಟದ ಮೇಲೂ ಒಂದು ಅಡ್ಡಗೆರೆ ಎಳೆದು 'ಆ ದಿನ' ಅಂತ ಬರೆದಿದ್ದೆ. ಆ ದಿನ ಅಂದರೆ ರಾಂಡ್ ವಿಷ ತೊಳೆದ ದಿನ. ಅವತ್ತು ಶಕ್ತಿ ಬಳಸಬಲ್ಲ ಹೆಂಗಸರಿಗೆಲ್ಲ ದೂರದಲ್ಲಿ ಒಂದು ದೊಡ್ಡ ಬೆಂಕಿ ಉರಿದಂತೆ ಅನುಭವ ಆಗುತ್ತದೆ. ಏನದು, ಯಾರು ಮಾಡಿದ್ದು, ಯಾರಿಗೂ ಗೊತ್ತಿಲ್ಲ. ಒಬ್ಬರಿಗೆ ಹೆದರಿಕೆ, ಇನ್ನೊಬ್ಬರಿಗೆ ಅದು ಶತ್ರುವಿನ ಕೆಲಸ ಎಂಬ ಅನುಮಾನ. ಇಂಥ ಮಾತು ಬಂದಾಗಲೆಲ್ಲ ಆ ಗೆರೆಗೆ ಹೊಂದಿಸಿ ಒಂದು ಗುರುತು ಹಾಕಿದೆ. ಆಗ ಈ ಪುಸ್ತಕ ಏನು ಮಾಡುತ್ತಿದೆ ಅಂತ ಹೊಳೆಯಿತು. ಜಗತ್ತನ್ನೇ ಬದಲಾಯಿಸಿದ ಒಂದು ಘಟನೆ ಓದುಗನಿಗೆ ಗೊತ್ತು, ಜಗತ್ತಿಗೆ ಗೊತ್ತಿಲ್ಲ. ಅವರು ತಮ್ಮ ತಮ್ಮ ತಾಪತ್ರಯದಲ್ಲಿ ಮುಳುಗಿದ್ದಾರೆ. ರಾಂಡ್ ಇಲ್ಲ ಅಂದುಕೊಂಡಿದ್ದೆ, ಅವನು ಎಲ್ಲ ಕಡೆ ಇದ್ದಾನೆ. ಪೆರಿನ್‌ಗಾಗಲಿ ಮ್ಯಾಟ್‌ಗಾಗಲಿ ಅವನ ನೆನಪಾದರೆ ಸಾಕು, ತಲೆಯಲ್ಲಿ ಬಣ್ಣಗಳು ಸುತ್ತುತ್ತವೆ. ಮೊದಲ ಓದಿನಲ್ಲಿ ಅದನ್ನು ಗಮನಿಸಿಯೇ ಇರಲಿಲ್ಲ.

ಇನ್ನು ಅಧ್ಯಾಯಗಳ ಕ್ರಮ. ಪೆರಿನ್ ಕಥೆ 5ರಿಂದ 8ರವರೆಗೆ ಬಂದು, ಮತ್ತೆ ಸಿಗುವುದು 25ರಲ್ಲಿ. ನಡುವೆ ಅರಮನೆ, ರಾಜಕೀಯ, ಸಭೆಗಳು. ನಾನು ಕ್ರಮ ಮುರಿದೆ. ಪೆರಿನ್ ಅಧ್ಯಾಯಗಳನ್ನೂ, ಅವನ ಹೆಂಡತಿ ಫಯೀಲ್‌ಳ ಒಂಬತ್ತನೇ ಅಧ್ಯಾಯವನ್ನೂ ಒಟ್ಟಿಗೆ ಓದಿದೆ. ಲೇಖಕ ಇಟ್ಟ ಕ್ರಮ ಮುರಿಯಬಾರದು ಅನ್ನುವವರಿದ್ದಾರೆ, ಮೊದಲ ಸಲ ಓದುವಾಗ ಅದು ಸರಿ. ಆದರೆ ಒಮ್ಮೆ ಸೋತು ಕೈಬಿಟ್ಟವರಿಗೆ ಒಂದು ಎಳೆ ಹಿಡಿದು ಹೋಗುವುದೇ ಒಳ್ಳೆಯದು ಅಂತ ನನ್ನ ಅನುಭವ.

ಫಯೀಲ್‌ಳನ್ನು ಎಂಟನೇ ಸಂಪುಟದಲ್ಲೇ ಷೈಡೋ ಪಂಗಡದವರು ಹಿಡಿದುಕೊಂಡು ಹೋಗಿದ್ದಾರೆ. ಪೆರಿನ್ ಹುಡುಕುತ್ತಲೇ ಇದ್ದಾನೆ. ದಿನಕ್ಕೊಂದರಂತೆ ಒಂದು ದಾರಕ್ಕೆ ಗಂಟು ಹಾಕಿಕೊಂಡು ಲೆಕ್ಕ ಇಡುತ್ತಾನೆ. ದಂಡಿಗೆ ಊಟವಿಲ್ಲ, ಕುದುರೆಗೆ ಕಾಳಿಲ್ಲ. 26ನೇ ಅಧ್ಯಾಯದಲ್ಲಿ ಧಾನ್ಯ ಕೊಳ್ಳಲು ಸೋ ಹಾಬೋರ್ ಅನ್ನುವ ಊರಿಗೆ ಹೋಗುತ್ತಾರೆ. ಊರು ಕೊಳಕು, ಜನ ಮೈ ತೊಳೆದು ಎಷ್ಟು ದಿನವಾಯಿತೋ. ಸತ್ತವರು ಅಲ್ಲಿ ಓಡಾಡುತ್ತಿದ್ದಾರೆ, ಬದುಕಿದವರು ಹೆದರಿ ಮುದುಡಿದ್ದಾರೆ. ಕೊಂಡ ಧಾನ್ಯದ ಚೀಲ ಬಿಚ್ಚಿದರೆ ಒಳಗೆ ಕಪ್ಪು ನುಸಿ. ಚಳಿಯಲ್ಲಿ ಕೂತು ಅದನ್ನು ಕೇರಿ ಕೇರಿ ಹುಳ ತೆಗೆಯಬೇಕು.

ಇಲ್ಲಿ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಕೂತೆ. ನಮ್ಮಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದದ್ದು ಕಣ್ಣಿಗೆ ಬಂತು. ನುಸಿ ಹಿಡಿದ ಕಾಳಿನ ಆ ಮುಗ್ಗು ವಾಸನೆ, ಮೊರದ ಅಂಚಿಗೆ ಬಂದು ಸೇರುವ ಕಪ್ಪು ಚುಕ್ಕೆಗಳು. ಒಂದು ವರ್ಷ ಮಳೆಗಾಲದಲ್ಲಿ ಚೀಲಗಟ್ಟಲೆ ಜೋಳ ಹಾಗೆ ಹೋಯಿತು. ಅವತ್ತು ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಲೋಕ ಕೆಡುತ್ತಿದೆ ಅಂತ ಹೇಳಲು ಜೋರ್ಡನ್ ರಾಕ್ಷಸರ ದಂಡನ್ನು ಕಳಿಸಲಿಲ್ಲ, ಕಾಳಿಗೆ ಹುಳ ಬಿಟ್ಟರು. ಎಗ್ವೇನ್‌ಳ ದಂಡಿನಲ್ಲೂ ಹೀಗೇ ಆಹಾರ ಕೆಡುತ್ತದೆ. ಇಂಥದ್ದನ್ನು ಹೇಳಲು ನಿಧಾನ ಬೇಕು. ಓಡುವ ಕಥೆಯಲ್ಲಿ ಮೊರ ಹಿಡಿದು ಕೂರಲು ಯಾರಿಗೆ ಪುರುಸೊತ್ತು?

ಅದರ ಮುಂದಿನ ಅಧ್ಯಾಯದಲ್ಲೇ ಪೆರಿನ್ ಸೆರೆಸಿಕ್ಕ ಒಬ್ಬನ ಕೈಯನ್ನು ಕೊಡಲಿಯಿಂದ ಕಡಿಯುತ್ತಾನೆ. ಹೆಂಡತಿ ಎಲ್ಲಿದ್ದಾಳೆ ಅಂತ ಬಾಯಿಬಿಡಿಸಲು. ಮೊದಲ ಸಂಪುಟದಿಂದ ಆ ಕೊಡಲಿ ಅವನ ಸೊಂಟದಲ್ಲಿದೆ. ಸೌಮ್ಯ ಸ್ವಭಾವದ ಕಮ್ಮಾರ ಅವನು, ಆ ಕೊಡಲಿ ತನ್ನನ್ನು ಏನು ಮಾಡುತ್ತದೋ ಅಂತ ಹೆದರುತ್ತಲೇ ಬಂದವನು. ಅವತ್ತು ಅದನ್ನು ಎಸೆದು, ಅಲ್ಲೇ ಬಿಟ್ಟು ನಡೆಯುತ್ತಾನೆ. ಗಂಟು ಹಾಕಿದ ಆ ದಾರ, ನುಸಿ, ಚಳಿ, ಬರೀ ಕಾಯುವ ದಿನಗಳು, ಇವೆಲ್ಲ ಇಲ್ಲದಿದ್ದರೆ ಈ ಏಟು ನನಗೆ ಇಷ್ಟು ಗಟ್ಟಿಯಾಗಿ ತಟ್ಟುತ್ತಿರಲಿಲ್ಲ.

ಮ್ಯಾಟ್ ಮತ್ತು ಟುಆನ್ ಭಾಗಕ್ಕೆ ಯಾವ ಉಪಾಯವೂ ಬೇಕಾಗಲಿಲ್ಲ, ತಾನೇ ಓದಿಸಿಕೊಂಡಿತು. ತಾನು ಯಾರನ್ನು ಮದುವೆಯಾಗುತ್ತೇನೆ ಅಂತ ಮೊದಲೇ ತಿಳಿದವನು ಅವಳನ್ನು ಒಲಿಸಿಕೊಳ್ಳಲು ಪಡುವ ಪಾಡು ಚಂದ. ಎಲೇನ್‌ಳ ಆರು ಅಧ್ಯಾಯ ಮಾತ್ರ ಈಗಲೂ ಕಷ್ಟ. ಸಿಂಹಾಸನಕ್ಕೆ ಯಾವ ಮನೆತನ ಬೆಂಬಲ ಕೊಡುತ್ತದೆ ಅನ್ನುವ ಲೆಕ್ಕಾಚಾರ ಅಗತ್ಯಕ್ಕಿಂತ ಉದ್ದವಾಯಿತು ಅಂತಲೇ ನನ್ನ ಅಭಿಪ್ರಾಯ. ದಿನಕ್ಕೆ ಹತ್ತೇ ಪುಟ ಅಂತ ಇಟ್ಟುಕೊಂಡು ದಾಟಿದೆ.

ದಾಟಲು ಜಾಸ್ತಿ ಸಹಾಯ ಆದದ್ದು ನನ್ನ ತಂಗಿಯಿಂದ. ಅವಳು ಈ ಸರಣಿ ಓದಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಅವತ್ತು ಓದಿದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. 'ಅವಳು ಯಾಕೆ ಹಾಗಂದಳು?' ಅಂತ ಅವಳು ಕೇಳಿದಾಗ ಎಷ್ಟೋ ಸಲ ಉತ್ತರ ಗೊತ್ತಿರುತ್ತಿರಲಿಲ್ಲ. ಪುಸ್ತಕ ತೆಗೆದು ಮತ್ತೆ ನೋಡಬೇಕಾಗುತ್ತಿತ್ತು. ಇದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಜ್ಜ ಗಮಕ ಕೇಳಲು ಹೋಗಿ ಬಂದು ಕುಮಾರವ್ಯಾಸ ಭಾರತದ ಕಥೆಯನ್ನು ಅಜ್ಜಿಗೆ ಹೀಗೇ ಹೇಳುತ್ತಿದ್ದರು. ಮಳೆ ಬಾರದ ವರ್ಷ ಊರಲ್ಲಿ ಓದಿಸುತ್ತಿದ್ದದ್ದು ವಿರಾಟ ಪರ್ವ. ಯುದ್ಧ ಇನ್ನೂ ದೂರ ಇದೆ. ಭೀಮ ಅಡುಗೆ ಮನೆಯಲ್ಲಿ ಸೌಟು ಹಿಡಿದಿದ್ದಾನೆ, ಅರ್ಜುನ ಹುಡುಗಿಯರಿಗೆ ಕುಣಿತ ಹೇಳಿಕೊಡುತ್ತಿದ್ದಾನೆ. ಕುರುಕ್ಷೇತ್ರ ಯಾವಾಗ ಬರುತ್ತದೆ ಅಂತ ಆ ರಾತ್ರಿ ಯಾರೂ ಕೇಳುತ್ತಿರಲಿಲ್ಲ. ನಾನು ಮಾತ್ರ ಹತ್ತನೇ ಸಂಪುಟವನ್ನು ಅದೇ ಪ್ರಶ್ನೆ ಕೇಳುತ್ತಾ ಓದಿದ್ದೆ.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಯಾವುದೋ ಹೆಸರು ಮರೆತು ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಕೊನೆಯ ಅಧ್ಯಾಯದಲ್ಲಿ ಎಗ್ವೇನ್‌ಗೆ ಏನಾಗುತ್ತದೆ ಅನ್ನುವುದು ಮೊದಲ ಸಾಲಿನಲ್ಲೇ ಇತ್ತು. ಅದನ್ನು ಇಲ್ಲಿ ಹೇಳುವುದಿಲ್ಲ. ಹೆಸರು ಮರೆತರೆ ಪುಸ್ತಕದ ಪದಕೋಶ ನೋಡಿ, ಅಲ್ಲಿಲ್ಲದಿದ್ದರೆ ಮರೆತೇ ಮುಂದೆ ಹೋಗಿ.

ಓದುತ್ತಿರುವಾಗ ಇನ್ನೊಂದು ವಿಷಯ ಮನಸ್ಸಿನಲ್ಲಿ ಇದ್ದೇ ಇತ್ತು. 2005ರಲ್ಲಿ ಬಂದ ಹನ್ನೊಂದನೆಯದು ಜೋರ್ಡನ್ ತಾವೇ ಬರೆದು ಮುಗಿಸಿದ ಕೊನೆಯ ಸಂಪುಟ. 2007ರ ಸೆಪ್ಟೆಂಬರ್ 16ರಂದು ಅವರು ತೀರಿಕೊಂಡರು, 58 ವರ್ಷ. ಉಳಿದ ಮೂರನ್ನು ಅವರ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದರು, 2013ರಲ್ಲಿ ಸರಣಿ ಮುಗಿಯಿತು. ಅಂದರೆ ನನ್ನ ಕೈಯಲ್ಲಿದ್ದದ್ದು ಪೂರ್ತಿಯಾಗಿ ಅವರದೇ ದನಿ ಇರುವ ಕೊನೆಯ ಎರಡು ಸಂಪುಟಗಳಲ್ಲಿ ಒಂದು. ಅದು ತಿಳಿದ ಮೇಲೆ ಬಟ್ಟೆಯ ಕಸೂತಿ, ಚಹಾದ ರುಚಿ, ಹಿಮದಲ್ಲಿ ಹೂತ ಕುದುರೆಯ ಗೊರಸು, ಯಾವುದನ್ನೂ ಹಾರಿಸಿ ಓದಲು ಮನಸ್ಸು ಬರಲಿಲ್ಲ.

ಮುಗಿಸಿದ ರಾತ್ರಿ ತಂಗಿಗೆ ಕೊನೆಯ ಅಧ್ಯಾಯ ಹೇಳಿದೆ. ಅವಳು ಎಗ್ವೇನ್ ಬಗ್ಗೆ ಕೇಳಲಿಲ್ಲ. 'ಆ ಸೋ ಹಾಬೋರಿನವರು ಏನಾದರು?' ಅಂದಳು. ಪೆರಿನ್ ಧಾನ್ಯ ತುಂಬಿಕೊಂಡು ಹೊರಟುಬಿಟ್ಟಿದ್ದ. ಅವರ ಬಗ್ಗೆ ನಾನು ಒಂದು ಸಲವೂ ಯೋಚಿಸಿರಲಿಲ್ಲ. ನೋಟ್‌ಬುಕ್‌ನಲ್ಲಿ ಆ ಊರಿಗೂ ಒಂದು ಪುಟ ಬಿಟ್ಟು, ಹನ್ನೊಂದನೆಯದನ್ನು ತೆಗೆದೆ.