ದುರ್ಗದ ಬಿಸಿಲಿಗೆ ತಗ್ಗು ಮಡಿ

ನಮ್ಮ ಮನೆ ಚಿತ್ರದುರ್ಗದಲ್ಲಿ, ಕೋಟೆಗೆ ಹತ್ತಿರ. ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ. ಶಿವರಾತ್ರಿ ಮುಗಿದ ವಾರವೇ ತರಕಾರಿ ಮಡಿ ಮಾಡಲು ನಾನು ಗುದ್ದಲಿ ಹಿಡಿಯುತ್ತೇನೆ. ಯುಗಾದಿಗೆ ಬೀಜ ಬೀಳಬೇಕು ಅಂದರೆ ನಡುವಿನ ಆ ಒಂದು ತಿಂಗಳು ಮಣ್ಣಿಗೆ ಬೇಕೇ ಬೇಕು.

ಮೊದಲ ವರ್ಷ ವಿಡಿಯೋ ನೋಡಿ ಮುಕ್ಕಾಲು ಅಡಿ ಎತ್ತರದ ಮಡಿ ಕಟ್ಟಿದ್ದೆ. ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತಿತ್ತು. ನಲ್ಲಿ ನೀರು ದಿನಾ ಬರಲ್ಲ. ಬೆಂಡೆ ಗಿಡ ಗೇಣುದ್ದಕ್ಕೇ ನಿಂತುಬಿಟ್ಟಿತು. ನಮ್ಮ ಅತ್ತೆ ಚಳ್ಳಕೆರೆ ಕಡೆಯವರು. ಬಂದು ನೋಡಿ, "ಮಡಿ ನೆಲಕ್ಕಿಂತ ಕೆಳಗಿರಬೇಕು ಕಣಮ್ಮ, ಹಾಕಿದ ನೀರು ಅಲ್ಲೇ ಇಂಗಬೇಕು" ಅಂದರು. ಮಳೆ ಜಾಸ್ತಿ ಇರುವ ಮಲೆನಾಡಿಗೆ ಎತ್ತರದ ಮಡಿ ಸರಿ. ನಮ್ಮ ಬೇಸಿಗೆಗೆ ತಗ್ಗು ಮಡಿಯೇ ಆಗಬೇಕು.

ಒಣ ನೆಲ ಅಗೆಯಲು ಹೋಗಬೇಡಿ. ನಮ್ಮ ಗರಸು ಮಣ್ಣಿಗೆ ಗುದ್ದಲಿ ಪುಟಿಯುತ್ತದೆ, ಸುಮ್ನೆ ರಟ್ಟೆ ನೋವು. ಹಿಂದಿನ ದಿನ ಚೆನ್ನಾಗಿ ನೀರು ಬಿಡಿ. ಮಾರನೇ ದಿನ ಒಂದು ಹಿಡಿ ಮಣ್ಣು ಅದುಮಿ ನೋಡಿ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರಿದರೆ ಹದ ಬಂದಿದೆ. ಒಂದು ಅಡಿ ಆಳ ಅಗೆಯಿರಿ. ಮುಷ್ಟಿ ಗಾತ್ರದ ಕಲ್ಲು ತೆಗೆಯಿರಿ, ಸಣ್ಣವು ಇರಲಿ. ಜೇಕು, ಗರಿಕೆ ಕಂಡರೆ ಕುಳಿತು ಕೈಯಲ್ಲೇ ಬೇರು ಸಮೇತ ಎಳೆಯಿರಿ. ಗುದ್ದಲಿಯಲ್ಲಿ ಕತ್ತರಿಸಿದರೆ ಗರಿಕೆಯ ತುಂಡು ತುಂಡೂ ಚಿಗುರುತ್ತದೆ. ಜೇಕಿನ ಗಡ್ಡೆ ಒಂದು ಉಳಿದರೂ ಮತ್ತೆ ಅದೇ ಕಥೆ. ನನಗೆ ಇದಕ್ಕೇ ಎರಡು ದಿನ ಹಿಡಿಯುತ್ತದೆ.

ಮಡಿಯ ಅಗಲ 3 ಅಡಿ ಸಾಕು, ಎರಡೂ ಕಡೆಯಿಂದ ಕೈ ಎಟುಕುತ್ತದೆ. ಉದ್ದ 10 ಅಡಿ. ಮೇಲಿನ ಮಣ್ಣು ಎಳೆದು ಸುತ್ತ ಬದು ಕಟ್ಟಿ, ಮಡಿ ನಾಲ್ಕು ಬೆರಳು ತಗ್ಗಾಗಲಿ. ಮುಂಗಾರು ಜೋರಾದಾಗ ಬದುವನ್ನು ಒಂದು ಕಡೆ ಕಡಿದರೆ ನೀರು ಹೊರಗೆ ಹೋಗುತ್ತದೆ.

ಇನ್ನು ಗೊಬ್ಬರ. ಕುರಿ ಗೊಬ್ಬರಕ್ಕೆ ನಮ್ಮ ಜಿಲ್ಲೆಯಲ್ಲಿ ಕೊರತೆ ಇಲ್ಲ, ಅಲ್ವಾ? ಆದರೆ ಹಸಿ ಹಿಕ್ಕೆ ಹಾಕಬೇಡಿ. ನಾನು ಒಮ್ಮೆ ಹಾಕಿ ಹೀರೆ ಸಸಿಗಳನ್ನೆಲ್ಲ ಸುಟ್ಟುಕೊಂಡೆ, ಆಗ ಅಳುವೇ ಬಂದಿತ್ತು. ವಾಸನೆ ಹೋಗಿ, ಕೈಯಲ್ಲಿ ಪುಡಿಯಾಗುವ ಹಳೇ ಗೊಬ್ಬರ ಮಡಿಗೆ ಎರಡು ಪುಟ್ಟಿ ಹಾಕಿ. ಜೊತೆಗೆ ಅರ್ಧ ಕೆಜಿ ಬೇವಿನ ಹಿಂಡಿ. ದನದ ಗೊಬ್ಬರವಾದರೆ ಜರಡಿ ಹಿಡಿಯಿರಿ, ಸರಿಯಾಗಿ ಕಳಿಯದಿದ್ದರೆ ಅದರಲ್ಲಿ ಬಿಳಿ ಗೊಣ್ಣೆ ಹುಳ ಇರುತ್ತದೆ.

ಎಲ್ಲ ಬೆರೆಸಿ ನೀರು ಹಾಕಿ, ಎರಡು ವಾರ ಬಿಡಿ. ಕಳೆ ಮೊಳೆಯುತ್ತದೆ. ಎಳೆಯದಾಗಿರುವಾಗಲೇ ಕಿತ್ತುಬಿಡಿ, ಆಮೇಲಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಪಡುವಣ ಕಡೆ ಒಂದು ಸಾಲು ಮೆಕ್ಕೆಜೋಳ ಹಾಕಿ. ಸಂಜೆ ಬಿಸಿಲಿಗೂ ಗಾಳಿಗೂ ಅದೇ ತಡೆ. ಅದು ಬೆಳೆಯುವವರೆಗೆ ನಾನು ಹಳೇ ಸೀರೆ ಕಟ್ಟುತ್ತೇನೆ.

ಯುಗಾದಿ ಚಂದ್ರನನ್ನು ನೋಡಿದ ರಾತ್ರಿ ಬೆಂಡೆ ಬೀಜ ನೆನೆಹಾಕುತ್ತೇನೆ. ಬೆಳಗ್ಗೆ ಅಡಿಗೊಂದು ಗುಣಿ, ಗುಣಿಗೆ ಎರಡು ಬೀಜ, ಬೆರಳಿನ ಒಂದು ಗೆಣ್ಣಿನಷ್ಟು ಆಳ. ಗೋರಿಕಾಯಿಯೂ ಹಾಗೆಯೇ. ದಂಟಿನ ಬೀಜ ಮರಳಿನ ಜೊತೆ ಬೆರೆಸಿ ಚೆಲ್ಲಿದರೆ ಸಾಕು. ಸಸಿ ಗೇಣುದ್ದ ಬಂದ ಮೇಲೆ ಬುಡಕ್ಕೆ ಎರಡು ಬೆರಳು ದಪ್ಪ ಶೇಂಗಾ ಹೊಟ್ಟು ಹರಡಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.