ತೂಕದ ಮಾತ್ರೆ: ನಾನು ತೆಗೆದುಕೊಂಡದ್ದು, ನಾನು ಮಾರದಿರುವುದು

ಗೋಣಿಕೊಪ್ಪಲಿನ ನಮ್ಮ ಮೆಡಿಕಲ್‌ಗೆ ಬಂದು ‘ಅಕ್ಕಾ, ತೂಕ ಇಳಿಯೋಕೆ ಮಾತ್ರೆ ಇದ್ಯಾ?’ ಎನ್ನುವವರು ಮದುವೆ ಸೀಸನ್ ಹತ್ತಿರ ಬಂದಂತೆ ಹೆಚ್ಚುತ್ತಾರೆ. ‘ಥೈರಾಯ್ಡ್ ಇದ್ಯಾ, ಬಿಪಿ ಇದ್ಯಾ, ಬೇರೆ ಏನು ಮಾತ್ರೆ ತಗೊಳ್ತಿದ್ದೀರ?’ ಎಂದು ನಾನು ತಿರುಗಿ ಕೇಳುತ್ತೇನೆ. ಫಾರ್ಮಸಿ ಓದಿದವಳೇ ಆದರೂ ಈ ಪ್ರಶ್ನೆಗಳ ಬೆಲೆ ಚೆನ್ನಾಗಿ ಅರ್ಥವಾದದ್ದು ತೂಕ ಇಳಿಸುವ ಆರ್ಲಿಸ್ಟಾಟ್ ಎಂಬ ಔಷಧವನ್ನು ನಾನೇ ತೆಗೆದುಕೊಂಡಾಗ.

ನನ್ನ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 30 ದಾಟಿ ಮೊಣಕಾಲು ನೋವು ಶುರುವಾಗಿತ್ತು. ಡಾಕ್ಟರು 120 ಮಿಲಿಗ್ರಾಂ ಕ್ಯಾಪ್ಸೂಲ್ ಬರೆದುಕೊಟ್ಟರು. ಇದು ಹಸಿವಿನ ತಂಟೆಗೇ ಹೋಗುವುದಿಲ್ಲ. ಜಠರ ಮತ್ತು ಕರುಳಿನಲ್ಲಿ ಜಿಡ್ಡನ್ನು ಒಡೆಯುವ ಲೈಪೇಸ್ ಎಂಬ ಕಿಣ್ವದ ಕೈ ಕಟ್ಟುತ್ತದೆ, ಅಷ್ಟೆ. ಒಡೆಯದ ಕೊಬ್ಬನ್ನು ಕರುಳು ಹೀರಿಕೊಳ್ಳಲಾರದು. ತಿಂದದ್ದರಲ್ಲಿ ಸುಮಾರು ಶೇ 30ರಷ್ಟು ಹಾಗೇ ಹೊರಗೆ ಹೋಗುತ್ತದೆ.

ಹೇಗೆ ಹೋಗುತ್ತದೆ ಎಂಬುದನ್ನು ಬಿಡಿಸಿಯೇ ಹೇಳಬೇಕು, ನಾಚಿಕೆಯಿಂದ ಯಾರೂ ಕೇಳುವುದಿಲ್ಲ. ರಾತ್ರಿ ಪಂದಿ ಕರಿ (ಹಂದಿ ಮಾಂಸದ ಸಾರು) ಉಂಡರೆ ಮರುದಿನ ಕಮೋಡಿನ ನೀರಿನ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ತೇಲುತ್ತದೆ. ಗಾಳಿ ಹೋದರೆ ಬಟ್ಟೆಗೂ ಜಿಡ್ಡು ತಾಗಬಹುದು. ಅವಸರವಾದರೆ ತಡೆಯುವುದು ಕಷ್ಟ. ಮೈಸೂರಿಗೆ ಬಸ್ಸಿನಲ್ಲಿ ಹೋಗಬೇಕಿದ್ದರೆ ಹಿಂದಿನ ದಿನವೇ ಊಟ ಹಗುರ ಮಾಡುತ್ತಿದ್ದೆ. ಕಡಂಬುಟ್ಟು ಆವಿಯಲ್ಲಿ ಬೆಂದ ಅಕ್ಕಿ ತರಿಯ ಉಂಡೆ, ಅದರಿಂದ ತೊಂದರೆಯಿಲ್ಲ. ಜೊತೆಗಿನ ಕರಿಯ ಮೇಲೆ ನಿಂತ ಜಿಡ್ಡನ್ನು ಸೌಟಿನಿಂದ ತೆಗೆದುಬಿಡುತ್ತಿದ್ದೆ.

ನನಗೆ ಥೈರಾಯ್ಡ್ ಇದೆ. ಅದಕ್ಕೆ ತೆಗೆದುಕೊಳ್ಳುವ ಥೈರಾಕ್ಸಿನ್ ಮಾತ್ರೆಗೂ ಆರ್ಲಿಸ್ಟಾಟ್‌ಗೂ ನಾಲ್ಕು ಗಂಟೆಯಾದರೂ ಅಂತರ ಬೇಕು, ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ. ಹಾಗಾಗಿ ಡಾಕ್ಟರು ಮಧ್ಯಾಹ್ನ, ರಾತ್ರಿ ಊಟಕ್ಕೆ ಮಾತ್ರ ಹೇಳಿದರು. ಬೆಳಗಿನ ಅಕ್ಕಿ ರೊಟ್ಟಿಯಲ್ಲಿ ಕೊಬ್ಬೂ ಕಡಿಮೆ. ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನ ಜೊತೆಗೇ ಹೊರಟುಹೋಗುವುದರಿಂದ ಮಲಗುವ ಮುನ್ನ ಮಲ್ಟಿವಿಟಮಿನ್. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಇಳಿದರೆ ರಕ್ತಸ್ರಾವದ ಭಯವಿದೆ. ಗರ್ಭಿಣಿಯರು ಮುಟ್ಟಲೇಬಾರದು.

ತೂಕ ಇಳಿಯಿತು, ನಿಧಾನವಾಗಿ. ಬರೀ ಪಥ್ಯ ಮಾಡಿದವರಿಗಿಂತ ವರ್ಷಕ್ಕೆ ಸರಾಸರಿ 3 ಕೆಜಿ ಹೆಚ್ಚು, ಪ್ರಯೋಗಗಳಲ್ಲಿ ಕಂಡದ್ದೂ ಇಷ್ಟೇ.

ನನಗೆ ನಿಜವಾದ ಸಂಕಟ ಹೆಸರಿಲ್ಲದ ಪೊಟ್ಟಣಗಳದ್ದು. ಸುಂಟಿಕೊಪ್ಪದ ಕಡೆಯ ಒಬ್ಬರು ‘ಗಿಡಮೂಲಿಕೆ’ ಎಂದು ಯಾರೋ ಕೊಟ್ಟ ಕ್ಯಾಪ್ಸೂಲ್ ತೋರಿಸಿ, ‘ಊಟ ಸೇರ್ತಿಲ್ಲ, ಇಳಿದಿದ್ದೀನಿ, ರಾತ್ರಿ ಮಾತ್ರ ಎದೆ ಡವಡವ, ನಿದ್ದೆ ಇಲ್ಲ’ ಎಂದರು. ಬಿಪಿ ನೋಡಿದೆ, ತುಂಬಾ ಏರಿತ್ತು. ಅದನ್ನು ನಿಲ್ಲಿಸಿ, ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಕಳಿಸಿದೆ. ಅದರೊಳಗೆ ಏನಿತ್ತೋ ನಾನು ಹೇಳಲಾರೆ. ಆದರೆ ತೂಕ ಇಳಿಸಲು ಹಿಂದೆ ಮಾರುತ್ತಿದ್ದ ಸಿಬುಟ್ರಮಿನ್ ಎಂಬ ಔಷಧ ಮೈಮೇಲೆ ಮಾಡುವುದು ಇದನ್ನೇ: ಮೆದುಳಿನಲ್ಲಿ ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಹಸಿವು ತಗ್ಗಿಸುತ್ತದೆ, ನಾಡಿ ಮತ್ತು ರಕ್ತದೊತ್ತಡ ಏರಿಸುತ್ತದೆ. ಹೃದಯದ ಕಾಯಿಲೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದರಿಂದ 2010ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. 2011ರಲ್ಲಿ ಭಾರತವೂ ನಿಷೇಧಿಸಿತು. ‘ಹರ್ಬಲ್’ ಪುಡಿಗಳಲ್ಲಿ ಕದ್ದು ಬೆರೆಸಿದ್ದು ಆಮೇಲೂ ಹಲವು ದೇಶಗಳಲ್ಲಿ ಸಿಕ್ಕಿದೆ.

ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧ ಕೇಳುವವರೂ ಈಗ ಬರುತ್ತಾರೆ. ವಾಕರಿಕೆ, ವಾಂತಿ ಸಾಮಾನ್ಯ, ಮೇದೋಜೀರಕದ ಉರಿಯೂತ ಅಪರೂಪ. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ.

ಇನ್ನು ತೂಕ ಇಳಿಸುತ್ತದೆಂದು ಕ್ಯಾಪ್ಸೂಲ್ ಮಾಡಿ ಮಾರುವ ಗಾರ್ಸೀನಿಯಾ ಕ್ಯಾಂಬೋಜಿಯಾ. ‘ಅದು ನಮ್ಮ ಕಾಚಂಪುಳಿ ಹಣ್ಣೇ ಅಲ್ವಾ ಅಕ್ಕಾ, ಏನಾಗುತ್ತೆ?’ ಎನ್ನುತ್ತಾರೆ. ಹಣ್ಣು ಅದೇ, ನಿಜ. ಕರಿಗೆ ಹಾಕುವುದು ಒಂದೆರಡು ಚಮಚ ಹುಳಿ. ಕ್ಯಾಪ್ಸೂಲಿನಲ್ಲಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಸಾರ, ದಿನಾ ತಿಂಗಳುಗಟ್ಟಲೆ ನುಂಗುವಂಥದ್ದು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಇದು ಬರೀ ಹುಸಿಮಾತ್ರೆಗಿಂತ ಹೆಚ್ಚು ತೂಕ ಇಳಿಸಲಿಲ್ಲ. ಇದನ್ನು ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ಪ್ರಕರಣಗಳು ಮಾತ್ರ ದಾಖಲಾಗಿವೆ. ಈಗಾಗಲೇ ನುಂಗುತ್ತಿರುವವರಿಗೆ ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಆ ದಿನವೇ ನಿಲ್ಲಿಸಿ ಎಲ್‌ಎಫ್‌ಟಿ (ಯಕೃತ್ತಿನ ರಕ್ತಪರೀಕ್ಷೆ) ಮಾಡಿಸಿ, ಡಾಕ್ಟರಿಗೆ ಡಬ್ಬಿಯನ್ನೂ ತೋರಿಸಿ ಎಂದು ಹೇಳಿ ಕಳಿಸುತ್ತೇನೆ.