ಭತ್ತದ ಗದ್ದೆಗೆ ಕೀಟನಾಶಕ: ಎಣಿಸಿ ನಿರ್ಧರಿಸುವ, ಅಳೆದು ಸಿಂಪಡಿಸುವ ಕ್ರಮ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಯಲ್ಲಿ ಸೋನಾ ಮಸೂರಿ ಬೆಳೆಯುವವರಿಗೆ ಕೀಟನಾಶಕ ಹೊಸದೇನಲ್ಲ. ನಾಟಿಯಾದ ಕೆಲವೇ ವಾರಗಳಲ್ಲಿ ಮೊದಲ ಸಿಂಪಡಣೆ ಆರಂಭವಾಗಿ, ಕೊಯ್ಲು ಹತ್ತಿರವಾಗುವವರೆಗೂ ಮುಂದುವರಿಯುವುದು ಇಲ್ಲಿ ಅನೇಕ ಗದ್ದೆಗಳ ವಾಡಿಕೆ. ಇವುಗಳಲ್ಲಿ ಯಾವ ಸಿಂಪಡಣೆ ಬೆಳೆಯನ್ನು ನಿಜವಾಗಿ ಉಳಿಸಿತು, ಯಾವುದು ಹುಳುವನ್ನೇ ಹೆಚ್ಚಿಸಿ ಕಾಲುವೆ ಹಳ್ಳಗಳಿಗೆ ವಿಷ ಸೇರಿಸಿತು ಎಂಬುದನ್ನು ರೈತರು ಗದ್ದೆಯ ಬದುವಿನ ಮೇಲೆ ನಿಂತೇ ತಿಳಿದುಕೊಳ್ಳಬಹುದು. ಕಂದು ಜಿಗಿಹುಳುವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪ್ರಯೋಜನ ಎಲ್ಲಿದೆ

ಕೀಟನಾಶಕಗಳ ಪ್ರಯೋಜನವನ್ನು ಅಲ್ಲಗಳೆಯುವುದು ಪ್ರಾಮಾಣಿಕವಾಗದು. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂಬ ಅಂದಾಜಿದೆ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸಿದ ಮೇಲೆ, 1960ರ ದಶಕದ ನಡುವಿನ ವೇಳೆಗೆ ಆ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಆದರೆ ಸೊಳ್ಳೆಗಳು ಡಿಡಿಟಿಯನ್ನು ತಾಳಿಕೊಳ್ಳುವ ಶಕ್ತಿ ಪಡೆದದ್ದೂ ಸೇರಿ ಹಲವು ಕಾರಣಗಳಿಂದ 1976ರಲ್ಲಿ ಪ್ರಕರಣಗಳು ಮತ್ತೆ 60 ಲಕ್ಷವನ್ನು ದಾಟಿದವು. ಅದೇ ಡಿಡಿಟಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೀನಿನಿಂದ ಹಕ್ಕಿಗೆ ಸಾಗುತ್ತಾ ಕೊಬ್ಬಿನಲ್ಲಿ ಶೇಖರವಾಗಿ, ಬೇಟೆ ಹಕ್ಕಿಗಳ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿದ್ದೂ ಅಷ್ಟೇ ನಿಜ.

ಭತ್ತದಲ್ಲಿಯೂ ಇದೇ ಎರಡು ಮುಖಗಳಿವೆ. ಕಂದು ಜಿಗಿಹುಳು ಗಿಡದ ಬುಡದಲ್ಲಿ, ನೀರಿನ ಮಟ್ಟದ ಸ್ವಲ್ಪ ಮೇಲೆ ಗುಂಪಾಗಿ ಕುಳಿತು ರಸ ಹೀರುತ್ತದೆ. ಮೇಲಿನಿಂದ ನೋಡಿದರೆ ಗದ್ದೆ ಹಸಿರಾಗಿಯೇ ಇರುತ್ತದೆ. ಹುಳುವಿನ ಸಂಖ್ಯೆ ಮಿತಿ ಮೀರಿದಾಗ ಅಲ್ಲಲ್ಲಿ ವೃತ್ತಾಕಾರದಲ್ಲಿ ಬೆಂಕಿ ತಗಲಿದಂತೆ ಪೈರು ಒಣಗಿ, ಆ ವೃತ್ತ ಕೆಲವೇ ದಿನಗಳಲ್ಲಿ ಅಗಲವಾಗುತ್ತಾ ಹೋಗುತ್ತದೆ. ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಹೀಗಾದರೆ ಸಾಲ ಮಾಡಿ ಬೆಳೆದ ಬೆಳೆಯನ್ನು ಉಳಿಸಲು ಸರಿಯಾದ ಕೀಟನಾಶಕವನ್ನು ಸರಿಯಾದ ಜಾಗಕ್ಕೆ ಸಿಂಪಡಿಸದೆ ಬೇರೆ ದಾರಿ ಇರುವುದಿಲ್ಲ. ಕೀಟನಾಶಕ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವ ಸಂದರ್ಭವೆಂದರೆ ಇದು.

ಸಿಂಪಡಣೆಯೇ ಹುಳುವನ್ನು ಹೆಚ್ಚಿಸುವ ಬಗೆ

ಜಿಗಿಹುಳುವಿನ ಒಂದು ಹೆಣ್ಣು 200ರಿಂದ 300 ಮೊಟ್ಟೆಗಳನ್ನು ಕಾಂಡವನ್ನು ಅಪ್ಪಿರುವ ಎಲೆಯ ಕವಚದ ಒಳಗೆ ಸೇರಿಸಿ ಇಡುತ್ತದೆ. ಹೊರಗೆ ಬೀಳುವ ಹನಿ ಆ ಮೊಟ್ಟೆಯನ್ನು ಮುಟ್ಟುವುದಿಲ್ಲ. ಆದರೆ ಅದೇ ಹನಿ, ಜಿಗಿಹುಳುವನ್ನು ಹಿಡಿದು ತಿನ್ನುವ ತೋಳಜೇಡವನ್ನೂ, ಕವಚದೊಳಗಿನ ಮೊಟ್ಟೆಯನ್ನು ಹುಡುಕಿ ಹೀರುವ ಹಸಿರು ಬಣ್ಣದ ಮಿರಿಡ್ ತಿಗಣೆಯನ್ನೂ, ಗುಲಗಂಜಿ ಹುಳುವನ್ನೂ ಕೊಂದುಹಾಕುತ್ತದೆ. ಒಂದು ವಾರ, ಹತ್ತು ದಿನದೊಳಗೆ ಮೊಟ್ಟೆಗಳು ಒಡೆದಾಗ ಮರಿಗಳನ್ನು ತಿನ್ನುವವರು ಗದ್ದೆಯಲ್ಲಿ ಯಾರೂ ಇರುವುದಿಲ್ಲ. ಮೂರು ವಾರಗಳ ನಂತರ ಹುಳು ಮೊದಲಿಗಿಂತ ಹೆಚ್ಚಾಗಿ ಕಾಣಿಸಿಕೊಂಡಾಗ ಔಷಧದ ಪ್ರಮಾಣ ಸಾಲಲಿಲ್ಲವೆಂದು ಭಾವಿಸಿ ರೈತರು ಮತ್ತಷ್ಟು ಕಡುವಾದದ್ದನ್ನು ತರುತ್ತಾರೆ. ಈ ಸುತ್ತು ಒಮ್ಮೆ ಆರಂಭವಾದರೆ ಹಂಗಾಮು ಮುಗಿಯುವವರೆಗೂ ಬಿಡುವುದಿಲ್ಲ.

ಇದನ್ನು ಇಡೀ ದೇಶವಾಗಿ ಅನುಭವಿಸಿದ್ದು ಇಂಡೋನೇಷ್ಯಾ. ಕೀಟನಾಶಕಕ್ಕೆ ಸರ್ಕಾರವೇ ಭಾರಿ ಸಹಾಯಧನ ಕೊಡುತ್ತಿದ್ದ ಆ ದೇಶದಲ್ಲಿ ಜಿಗಿಹುಳುವಿನ ಹಾವಳಿ ಕೈಮೀರಿದ ಮೇಲೆ, 1986ರಲ್ಲಿ ಅಧ್ಯಕ್ಷ ಸುಹಾರ್ತೊ ಅವರು ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು. ಸಹಾಯಧನವನ್ನೂ ಹಂತಹಂತವಾಗಿ ತೆಗೆದು, ರೈತರಿಗೆ ಗದ್ದೆಯಲ್ಲೇ ಕೀಟ ಮತ್ತು ಅದರ ಶತ್ರುಗಳನ್ನು ಗುರುತಿಸುವ ಪಾಠ ಹೇಳಿಕೊಡಲಾಯಿತು. ಕೀಟನಾಶಕದ ಬಳಕೆ ಬಹಳಷ್ಟು ಇಳಿದರೂ ಅಕ್ಕಿಯ ಉತ್ಪಾದನೆ ಕುಸಿಯಲಿಲ್ಲ. ನಮ್ಮ ಅಚ್ಚುಕಟ್ಟಿನ ಪ್ರತಿ ಹೋಬಳಿಯಲ್ಲೂ ಇಂಥ ಪಾಠ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಎಣಿಸಿ

ನಾಟಿಯಾದ ಮೊದಲ 40 ದಿನಗಳಲ್ಲಿ ಎಲೆ ತಿನ್ನುವ ಹುಳುಗಳಿಗಾಗಿ ಸಿಂಪಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆ ವಯಸ್ಸಿನ ಭತ್ತ ಹೊಸ ಎಲೆ, ಹೊಸ ತೆಂಡೆಗಳನ್ನು (ಬುಡದಿಂದ ಒಡೆಯುವ ಕವಲುಗಳನ್ನು) ಹೊರಡಿಸಿ ನಷ್ಟವನ್ನು ತುಂಬಿಕೊಳ್ಳುತ್ತದೆ. ವಿಯೆಟ್ನಾಂನ ಮೆಕಾಂಗ್ ನದೀ ಮುಖಜ ಭೂಮಿಯಲ್ಲಿ ಲಕ್ಷಾಂತರ ರೈತರು ಈ ನಿಯಮವನ್ನು ಪಾಲಿಸಿ ನೋಡಿದ್ದಾರೆ. ಈ ಅವಧಿಯಲ್ಲಿ ಜೇಡಗಳು ಗದ್ದೆಯಲ್ಲಿ ನೆಲೆಯಾಗುತ್ತವೆ ಎಂಬುದೇ ಕಾಯುವುದರ ದೊಡ್ಡ ಲಾಭ.

ಅನಂತರ ವಾರಕ್ಕೊಮ್ಮೆ, ತೆನೆ ಹೊರಡುವ ಕಾಲದಲ್ಲಿ ವಾರಕ್ಕೆ ಎರಡು ಬಾರಿ, ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣದ ದಿಕ್ಕಿನಲ್ಲಿ ನಡೆಯುತ್ತಾ 20 ಬುಡಗಳನ್ನು ಪರೀಕ್ಷಿಸಿರಿ. ಪೈರನ್ನು ಮೆಲ್ಲಗೆ ಬಾಗಿಸಿ ಬುಡಕ್ಕೆ ತಟ್ಟಿದರೆ ಜಿಗಿಹುಳುಗಳು ನೀರಿನ ಮೇಲೆ ಬೀಳುತ್ತವೆ. ಅವುಗಳನ್ನೂ, ಅಲ್ಲಿಯೇ ಓಡಾಡುವ ಜೇಡಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಬರೆದಿಟ್ಟುಕೊಳ್ಳಿರಿ. ತೆಂಡೆಯೊಂದಕ್ಕೆ ಸರಾಸರಿ ಒಂದು ಜಿಗಿಹುಳು ಇದ್ದು ಜೇಡಗಳು ಕಾಣದಿದ್ದರೆ ಸಿಂಪಡಣೆಯ ಹಂತ ಬಂದಿದೆ ಎಂದರ್ಥ. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡು ಹುಳುಗಳವರೆಗೂ ಕಾಯಬಹುದು. ಹತ್ತು ತೆಂಡೆಗಳ ಬುಡದಲ್ಲಿ ಒಂದು ಜೇಡವಿದ್ದು ಎಂಟು ಹುಳುಗಳು ಸಿಕ್ಕರೆ, ಪಕ್ಕದ ಗದ್ದೆಯವರು ಹೊಡೆಯುತ್ತಿದ್ದಾರೆಂಬ ಒಂದೇ ಕಾರಣಕ್ಕೆ ಪಂಪು ಹೊರಬೇಕಾಗಿಲ್ಲ. ಕಾಯುವುದೆಂದರೆ ಮರೆಯುವುದಲ್ಲ, ಮೂರು ದಿನ ಬಿಟ್ಟು ಮತ್ತೆ ಎಣಿಸಲೇಬೇಕು.

ಹುಳು ಹೆಚ್ಚುವುದಕ್ಕೆ ನಾವೇ ಮಾಡಿಕೊಡುವ ಅನುಕೂಲಗಳೂ ಇವೆ. ಯೂರಿಯಾವನ್ನು ಮಿತಿಮೀರಿ ಒಂದೇ ಸಲಕ್ಕೆ ಚೆಲ್ಲಿದರೆ ಪೈರು ಕಪ್ಪು ಹಸಿರಾಗಿ, ಒತ್ತಾಗಿ ಬೆಳೆದು ಜಿಗಿಹುಳುವಿಗೆ ನೆರಳೂ ರಸವೂ ಸಿಗುತ್ತವೆ. ಮಣ್ಣು ಪರೀಕ್ಷೆಗೆ ತಕ್ಕ ಪ್ರಮಾಣವನ್ನು ಮೂರು ಕಂತಿನಲ್ಲಿ ಕೊಡುವುದು ಮೇಲು. ನಾಟಿ ಮಾಡುವಾಗಲೇ ಪ್ರತಿ 2ರಿಂದ 3 ಮೀಟರಿಗೆ ಒಂದು ಅಡಿ ಅಗಲದ ಓಣಿ ಬಿಟ್ಟರೆ ಬುಡಕ್ಕೆ ಗಾಳಿ, ಬೆಳಕು ಸಿಗುತ್ತವೆ, ಮುಂದೆ ಸಿಂಪಡಿಸುವವರಿಗೆ ನಡೆಯುವ ದಾರಿಯೂ ಆಗುತ್ತದೆ. ಹುಳು ಏರುತ್ತಿದೆ ಎನಿಸಿದ ಕೂಡಲೇ ಮೂರು ನಾಲ್ಕು ದಿನ ಗದ್ದೆಯ ನೀರು ಬಸಿದುಬಿಡುವುದು ಖರ್ಚಿಲ್ಲದ ಉಪಾಯ. ಎಷ್ಟೋ ಬಾರಿ ಅಷ್ಟರಿಂದಲೇ ಹುಳು ಹತೋಟಿಗೆ ಬರುತ್ತದೆ.

ಅಂಗಡಿಯಲ್ಲಿ ಏನು ಕೇಳಬೇಕು

ಎಣಿಕೆಯ ಚೀಟಿ ಹಿಡಿದು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದು ಲೇಸು. ಅಂಗಡಿಯವರು ಉದ್ರಿ ಕೊಡುತ್ತಾರೆಂಬ ದಾಕ್ಷಿಣ್ಯಕ್ಕೆ ಅವರು ಬೆರೆಸಿಕೊಟ್ಟ ಮೂರು ನಾಲ್ಕು ಬಾಟಲಿಗಳನ್ನು ಹಿಡಿದು ಬರುವುದು ಸಾಲವನ್ನೂ ಹುಳುವನ್ನೂ ಒಟ್ಟಿಗೆ ಬೆಳೆಸುತ್ತದೆ.

ಬಾಟಲಿಯ ಮುಂದಿನ ದೊಡ್ಡ ಅಕ್ಷರದ ಹೆಸರು ವ್ಯಾಪಾರದ ಹೆಸರು ಮಾತ್ರ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಿರಿ, ಓದಲಾಗದಿದ್ದರೆ ಮನೆಯ ಮಕ್ಕಳಿಂದ ಓದಿಸಿರಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಎಂದು ‘ಥ್ರಿನ್’ನಿಂದ ಮುಗಿಯುವ ಪೈರೆಥ್ರಾಯ್ಡ್‌ಗಳನ್ನು ಜಿಗಿಹುಳು ಇರುವ ಗದ್ದೆಗೆ ತರಲೇಬಾರದು. ಇವು ಜೇಡ ಮತ್ತು ತಿಗಣೆಗಳನ್ನು ನಾಶಮಾಡಿ ಜಿಗಿಹುಳುವನ್ನು ಮರುಕಳಿಸುವಂತೆ ಮಾಡುವುದರಲ್ಲಿ ಕುಖ್ಯಾತವಾದವು. ಮೀನು, ಏಡಿಗಳಿಗಂತೂ ಅತ್ಯಂತ ಅಲ್ಪ ಪ್ರಮಾಣವೂ ಮಾರಕ. ಕ್ಲೋರ್‌ಪೈರಿಫಾಸ್ 50 ಮತ್ತು ಸೈಪರ್‌ಮೆಥ್ರಿನ್ 5 ಎಂದು ಒಟ್ಟಿಗೆ ಬರುವ ಮಿಶ್ರಣದಲ್ಲಿಯೂ ಇದೇ ವಿಷ ಅಡಗಿದೆ.

ಜಿಗಿಹುಳುವಿಗೇ ಮುಖ್ಯವಾಗಿ ಕೆಲಸ ಮಾಡಿ, ಜೇಡಗಳಿಗೆ ಹೋಲಿಕೆಯಲ್ಲಿ ಕಡಿಮೆ ಹಾನಿ ಮಾಡುವವುಗಳಲ್ಲಿ ಪೈಮೆಟ್ರೋಜಿನ್ 50 ಡಬ್ಲ್ಯುಜಿ (ನೀರಿನಲ್ಲಿ ಕದಡುವ ಹರಳಿನ ರೂಪ, ಎಕರೆಗೆ 120 ಗ್ರಾಂ) ಮತ್ತು ಟ್ರೈಫ್ಲುಮೆಜೋಪೈರಿಮ್ 10 ಎಸ್‌ಸಿ (ದ್ರವ ರೂಪ, ಎಕರೆಗೆ 94 ಮಿ.ಲೀ.) ಸೇರಿವೆ. ಮರಿಹುಳುಗಳು ಹೆಚ್ಚಿದ್ದರೆ ಬ್ಯುಪ್ರೊಫೆಜಿನ್ ಕೂಡ ಕೆಲಸ ಮಾಡುತ್ತದೆ, ಆದರೆ ಪ್ರೌಢ ಹುಳುವನ್ನು ಅದು ಕೂಡಲೇ ಕೊಲ್ಲುವುದಿಲ್ಲ. ಎರಡನೇ ಸಿಂಪಡಣೆ ಅನಿವಾರ್ಯವಾದರೆ ರಾಸಾಯನಿಕದ ಗುಂಪು ಬದಲಾಗಬೇಕು, ಹೆಸರು ಬದಲಾದರೆ ಸಾಲದು: ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಾಮ್, ಡೈನೋಟೆಫ್ಯುರಾನ್ ಮೂರೂ ಒಂದೇ ಗುಂಪಿನವು. ಇಮಿಡಾಕ್ಲೋಪ್ರಿಡನ್ನು ಸತತವಾಗಿ ಬಳಸಿದ್ದರಿಂದ ಏಷ್ಯಾದ ಹಲವು ಭತ್ತದ ಸೀಮೆಗಳಲ್ಲಿ ಜಿಗಿಹುಳು ಅದಕ್ಕೆ ಬಗ್ಗದಂತಾಗಿದೆ. ಈ ಗುಂಪು ಜೇನುನೊಣಗಳಿಗೂ ಅಪಾಯಕಾರಿ; ಇಮಿಡಾಕ್ಲೋಪ್ರಿಡ್ ಮತ್ತು ಥಯಾಮೆಥೋಕ್ಸಾಮ್‌ಗಳ ಹೊರಾಂಗಣ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿಯೇ ನಿಷೇಧಿಸಿತು.

ಲೇಬಲ್ಲಿನ ಮೇಲಿನ ವಜ್ರಾಕಾರದ ಗುರುತನ್ನೂ ನೋಡಿರಿ. ಕೆಂಪು ಎಂದರೆ ಅತ್ಯಂತ ವಿಷಕಾರಿ. ಅನಂತರ ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಇಳಿಯುತ್ತದೆ. ಈ ಬಣ್ಣ ಮನುಷ್ಯರಿಗಾಗುವ ವಿಷವನ್ನು ಹೇಳುತ್ತದೆಯೇ ಹೊರತು ಮೀನಿಗೋ ಜೇನಿಗೋ ಆಗುವುದನ್ನಲ್ಲ, ಆದ್ದರಿಂದ ಹಸಿರು ಗುರುತು ಕಂಡು ಕಾಲುವೆಯಲ್ಲಿ ಪಂಪು ತೊಳೆಯಬಾರದು. ಫೋರೇಟ್, ಟ್ರೈಜೋಫಾಸ್, ಡೈಕ್ಲೋರ್‌ವಾಸ್‌ಗಳು 2020ರ ಅಂತ್ಯದಿಂದ ದೇಶದಲ್ಲಿ ನಿಷಿದ್ಧವಾಗಿವೆ. ಯಾರಾದರೂ ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಬ್ಯಾಚ್ ಸಂಖ್ಯೆ ಬರೆದಿರುವ ರಸೀದಿಯನ್ನು ಕೇಳಿ ಪಡೆಯಿರಿ.

ಅಳತೆ ಮತ್ತು ಸಿಂಪಡಣೆ

ಎಕರೆಗೆ 200 ಲೀಟರ್ ನೀರು ಬೇಕೆಂದು ಲೆಕ್ಕ ಹಿಡಿದರೆ 16 ಲೀಟರಿನ ಪಂಪಿನಲ್ಲಿ ಹನ್ನೆರಡೂವರೆ ಟ್ಯಾಂಕ್ ಆಗುತ್ತದೆ. 120 ಗ್ರಾಂ ಪೈಮೆಟ್ರೋಜಿನನ್ನು ಅಷ್ಟಕ್ಕೆ ಹಂಚಿದರೆ ಟ್ಯಾಂಕಿಗೆ ಸುಮಾರು 9.6 ಗ್ರಾಂ. ಬಾಟಲಿಯ ಮುಚ್ಚಳದ ಅಂದಾಜು ಇಲ್ಲಿ ನಡೆಯದು. ಅಳತೆಯ ಲೋಟವನ್ನೋ ಸಣ್ಣ ತಕ್ಕಡಿಯನ್ನೋ ಈ ಕೆಲಸಕ್ಕೆಂದೇ ಇಟ್ಟುಕೊಂಡು, ಮೊದಲು ಬಕೆಟ್ಟಿನ ಸ್ವಲ್ಪ ನೀರಿನಲ್ಲಿ ಕೋಲಿನಿಂದ ಕಲಸಿ ಬಳಿಕ ಟ್ಯಾಂಕಿಗೆ ಸುರಿಯಬೇಕು. ಎರಡರಷ್ಟು ಹಾಕಿದರೆ ಹುಳು ಎರಡರಷ್ಟು ಸಾಯುವುದಿಲ್ಲ, ಹೆಚ್ಚಾದದ್ದೆಲ್ಲ ಮಣ್ಣಿಗೆ ಮತ್ತು ನೀರಿಗೆ ಹೋಗುತ್ತದೆ.

ಹುಳು ಬುಡದಲ್ಲಿರುವಾಗ ತೆನೆಯ ಮೇಲೆ ಮಂಜಿನಂತೆ ಹೊಡೆದು ಬರುವುದರಿಂದ ಹಣ ಮತ್ತು ಶ್ರಮ ಎರಡೂ ವ್ಯರ್ಥ. ಓಣಿಯಲ್ಲಿ ನಡೆಯುತ್ತಾ ನಳಿಕೆಯನ್ನು ಕೆಳಕ್ಕೆ ಹಿಡಿದು ಬುಡ ತೋಯುವಂತೆ ಸಿಂಪಡಿಸಬೇಕು. ಭತ್ತದ ಹೂವು ಬೆಳಿಗ್ಗೆ ಅರಳುವುದರಿಂದ ಮತ್ತು ಜೇನು ಆಗಲೇ ಪರಾಗಕ್ಕೆ ಬರುವುದರಿಂದ, ಗಾಳಿ ತಗ್ಗಿದ ಸಂಜೆಯ ಹೊತ್ತು ಉತ್ತಮ. ಸಿಂಪಡಿಸುವವರು ಗಾಳಿಗೆ ಬೆನ್ನು ಕೊಟ್ಟು ನಡೆಯಬೇಕು. ಪೂರ್ಣ ತೋಳಿನ ಅಂಗಿ, ರಬ್ಬರಿನ ಕೈಗವಸು, ಮುಖಗವಸು, ಕನ್ನಡಕ ಇರಲೇಬೇಕು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಲೇ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ಪ್ರಾಣ ಕಳೆದುಕೊಂಡರು. ಕೂಲಿಯವರ ಕೈಗೆ ಪಂಪು ಕೊಡುವ ಗದ್ದೆಯ ಯಜಮಾನರು ಕೈಗವಸನ್ನೂ ಕೊಡುವುದು ಅವರ ಹೊಣೆ.

ನೀರನ್ನು ಕಾಯುವ ಬಗೆ

ನಮ್ಮ ಸೀಮೆಯಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಇಲ್ಲಿಯೇ. ಮೇಲಿನ ಗದ್ದೆಯ ಬಸಿನೀರು ಕೆಳಗಿನ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ದನಕರುಗಳು ಕುಡಿಯುವುದೂ, ಜನರು ಬಟ್ಟೆ ಒಗೆಯುವುದೂ, ಮೀನು ಹಿಡಿಯುವುದೂ ಅದೇ ನೀರಿನಲ್ಲಿ. ಆದ್ದರಿಂದ ಸಿಂಪಡಣೆಗೆ ಮುಂಚೆಯೇ, ವಿಷ ಬೀಳದ ನೀರನ್ನು ಬಸಿಯಬೇಕು. ಸಿಂಪಡಿಸಿದ ಮೇಲೆ ಹೊರಬಾಯಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿ ಕನಿಷ್ಠ ಒಂದು ವಾರ ಗದ್ದೆಯ ನೀರನ್ನು ಹೊರಬಿಡಬಾರದು. ಮೊದಲೇ ಬಸಿದರೆ ಬುಡ ತೆರೆದುಕೊಂಡು ಔಷಧ ಹುಳುವಿಗೆ ತಗಲುತ್ತದೆ ಕೂಡ. ಮಳೆ ಬರುವ ಸೂಚನೆ ಇದ್ದ ದಿನ ಪಂಪು ಮುಟ್ಟಬಾರದು. ಕಾಲುವೆ, ಹಳ್ಳ, ಬಾವಿಗಳ ಪಕ್ಕದ ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಡಬೇಕು. ಆ ಅಂಚಿನಲ್ಲಿ ಉಳಿದ ಜೇಡಗಳೇ ಮತ್ತೆ ಗದ್ದೆಯೊಳಗೆ ಹರಡುತ್ತವೆ.

ನೀರಿನ ಮೂಲಗಳನ್ನು ಲೆಕ್ಕಿಸದೆ ವಿಷ ಚೆಲ್ಲಿದ್ದರ ಪರಿಣಾಮ ಕರ್ನಾಟಕಕ್ಕೆ ಗೊತ್ತಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಊರುಗಳಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಂಥ ಗ್ರಾಮಗಳಲ್ಲಿ, ಅಂಗವೈಕಲ್ಯದಿಂದ ನರಳುವವರನ್ನು ಕುಟುಂಬಗಳು ಇಂದಿಗೂ ಆರೈಕೆ ಮಾಡುತ್ತಿವೆ. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದರ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು.

ಕೆಲಸ ಮುಗಿದ ಮೇಲೆ

ಖಾಲಿ ಬಾಟಲಿಯನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು. ಬಳಿಕ ಬಾಟಲಿಗೆ ತೂತು ಹೊಡೆದು ಯಾರೂ ಮರುಬಳಸದಂತೆ ಮಾಡಬೇಕು. ಕಾಲುವೆಗೆ ಎಸೆಯುವುದು, ಸುಡುವುದು ಎರಡೂ ತಪ್ಪು. ಪಂಪು ತೊಳೆದ ನೀರನ್ನು ಸಿಂಪಡಿಸಿದ ಗದ್ದೆಯೊಳಗೇ ಚೆಲ್ಲಿರಿ. ತೊಟ್ಟ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಗಳೊಂದಿಗೆ ನೆನೆಹಾಕಬಾರದು.

ಸಿಂಪಡಿಸಿದವರಿಗೆ ತಲೆಸುತ್ತು, ವಾಂತಿ, ವಿಪರೀತ ಬೆವರು, ಜೊಲ್ಲು, ಕಣ್ಣಿನ ಪಾಪೆ ಕಿರಿದಾಗುವಿಕೆ, ಉಸಿರಾಟದ ತೊಂದರೆ ಕಾಣಿಸಿದರೆ ಬಟ್ಟೆ ಕಳಚಿಸಿ, ಸೋಪು ನೀರಿನಿಂದ ಮೈ ತೊಳೆದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಹಾಲು, ಎಣ್ಣೆ ಕುಡಿಸುವುದಾಗಲಿ ಬಲವಂತದಿಂದ ವಾಂತಿ ಮಾಡಿಸುವುದಾಗಲಿ ಕೂಡದು. ಬಾಟಲಿಯನ್ನೋ ಅದರ ಲೇಬಲ್ಲನ್ನೋ ಜೊತೆಗೆ ಒಯ್ಯಲೇಬೇಕು, ಏಕೆಂದರೆ ಕೊಡಬೇಕಾದ ಪ್ರತಿವಿಷ ರಾಸಾಯನಿಕದ ಗುಂಪನ್ನು ಅವಲಂಬಿಸಿದೆ.

ಸಿಂಪಡಿಸಿದ ದಿನಾಂಕ, ರಾಸಾಯನಿಕ, ಪ್ರಮಾಣಗಳನ್ನು ಎಣಿಕೆ ಬರೆದ ಪುಸ್ತಕದಲ್ಲಿಯೇ ಬರೆಯಿರಿ. ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂದು ಲೇಬಲ್ಲಿನಲ್ಲಿ ಇರುತ್ತದೆ. ಆ ದಿನವನ್ನೂ ಎಣಿಸಿ ಗುರುತು ಹಾಕಿಕೊಂಡು, ಅದು ಮುಗಿಯುವ ಮುನ್ನ ಕೊಯ್ಲಿನ ಯಂತ್ರವನ್ನು ಗದ್ದೆಗೆ ಇಳಿಸಬೇಡಿರಿ, ಹುಲ್ಲನ್ನು ದನಗಳಿಗೆ ಹಾಕಬೇಡಿರಿ.